ಡೇಕೇರ್ ರಿವ್ಯೂ: ಭಾಷೆನೇ ಗೊತ್ತಿಲ್ಲದ ಜಾಗಕ್ಕೆ ಬಂದ ಮಗುವನ್ನ ಹೆಂಗೆ ಸೇರಿಸ್ಕೊಂಡ್ರು, 5ಕ್ಕೆ 4 ಸ್ಟಾರ್

ಮೊದ್ಲೇ ಹೇಳ್ಬಿಡ್ತೀನಿ, ಇದು ಬಿಲ್ಡಿಂಗ್ ಹೆಂಗಿದೆ, ಆಟದ ಸಾಮಾನು ಎಷ್ಟಿದೆ, ಗೋಡೆಗೆ ಯಾವ ಬಣ್ಣ ಹೊಡ್ದಿದಾರೆ ಅನ್ನೋ ರಿವ್ಯೂ ಅಲ್ಲ, ಅಂಥದ್ದು ಹುಡುಕಿದ್ರೆ ಬೇಕಾದಷ್ಟು ಸಿಗುತ್ತೆ. ನಾವು ಕೆಲಸಕ್ಕೆ ಅಂತ ದೇಶ ಬಿಟ್ಟು ಬಂದೋರು, ಆವಾಗ ಮಗಳಿಗೆ ಎರಡು ವರ್ಷ ದಾಟಿತ್ತು, ಇಲ್ಲಿನ ಭಾಷೆ ಅವಳಿಗೆ ಒಂದಕ್ಷರ ಗೊತ್ತಿಲ್ಲ, ಕರೆದ್ರೆ ಓಡಿ ಬರೋಕೆ ಅಜ್ಜಿ ಇಲ್ಲ ಚಿಕ್ಕಮ್ಮ ಇಲ್ಲ, ಇಬ್ರೂ ದುಡೀಲೇಬೇಕು. ಇಂಥ ಮನೆ ಮಗು ಬಂದಾಗ ಮೊದಲ ಕೆಲವು ವಾರ ಡೇಕೇರ್‌ನೋರು ಏನು ಮಾಡ್ತಾರೆ, ಏನು ಮಾಡಲ್ಲ, ಅಷ್ಟೇ ಇಲ್ಲಿ ವಿಷ್ಯ. ಎರಡು ಸೆಂಟರ್ ನೋಡಿದೀವಿ, ಮೊದಲನೇದು ಬಿಟ್ವಿ, ಎರಡನೇದ್ರಲ್ಲಿ ಇದೀವಿ, ಸ್ಟಾರ್ ಎಲ್ಲಾ ಎರಡನೇದಕ್ಕೆ. ಎರಡರ ಹೆಸ್ರೂ ಹಾಕ್ತಾ ಇಲ್ಲ, ಯಾಕಂದ್ರೆ ನೀವು ಇರೋ ಕಡೆ ಆ ಸೆಂಟರ್ ಇರಲ್ಲ, ಆದ್ರೆ ಈ ತೊಂದರೆ ಖಂಡಿತ ಇರುತ್ತೆ.

ಮೊದಲನೇ ಸೆಂಟರ್ ಬಗ್ಗೆ ಸ್ವಲ್ಪ ಹೇಳಿ ಮುಂದೆ ಹೋಗ್ತೀನಿ. ಅಲ್ಲಿ ಪದ್ಧತಿ ಏನಪ್ಪಾ ಅಂದ್ರೆ ಬಾಗಿಲಲ್ಲೇ ಮಗು ಇಸ್ಕೊಳ್ಳೋದು, ನೀವು ಬೇಗ ಹೊರಡಿ ನೀವಿದ್ರೆ ಇನ್ನೂ ಜಾಸ್ತಿ ಅಳುತ್ತೆ ಅನ್ನೋದು, ಬಾಗಿಲು ಹಾಕೋದು. ದಿನಾ ಇಸ್ಕೊಳ್ಳೋ ಕೈ ಬೇರೆ ಬೇರೆ, ಯಾರು ಫ್ರೀ ಇರ್ತಾರೋ ಅವ್ರು. ಸ್ವಲ್ಪ ದಿನ ಆದ್ಮೇಲೆ ಅಳು ನಿಲ್ತು, ನಿಮ್ ಮಗು ಸೆಟ್ ಆಯ್ತು ಕಂಗ್ರಾಟ್ಸ್ ಅಂತ ಮೆಸೇಜ್ ಬೇರೆ ಬಂತು. ಆದ್ರೆ ಸಾಯಂಕಾಲ ಕರ್ಕೊಂಡು ಬರೋಕೆ ಹೋದ್ರೆ ಓಡಿ ಬರ್ತಾ ಇರ್ಲಿಲ್ಲ, ಬಾಗಿಲ ಹತ್ರ ನಿಂತ್ಕೊಂಡು ಸುಮ್ನೆ ನೋಡೋಳು, ಎತ್ಕೊಂಡ್ರೂ ಮುಖ ಆ ಕಡೆ. ಆಮೇಲೆ ಓದಿದಾಗ ಗೊತ್ತಾಯ್ತು, ಜೇಮ್ಸ್ ರಾಬರ್ಟ್‌ಸನ್ ಮತ್ತು ಜಾನ್ ಬೌಲ್ಬಿ ಅನ್ನೋ ಬ್ರಿಟನ್ನಿನ ಸಂಶೋಧಕರು 1950ರ ದಶಕದಲ್ಲೇ ಇದನ್ನ ಬರೆದಿಟ್ಟಿದಾರೆ, ಅಪ್ಪ ಅಮ್ಮನಿಂದ ದೂರ ಆದ ಪುಟ್ಟ ಮಕ್ಕಳು ಮೊದ್ಲು ಅತ್ತು ಹಟ ಮಾಡ್ತಾರೆ, ಆಮೇಲೆ ಆಸೆ ಬಿಟ್ಟು ಮಂಕಾಗ್ತಾರೆ, ಕೊನೆಗೆ ಯಾರಿದ್ರೇನು ಯಾರು ಹೋದ್ರೇನು ಅನ್ನೋ ಥರ ಆಗ್ತಾರೆ ಅಂತ. ಅವ್ರು ನೋಡಿದ್ದು ದಿನಗಟ್ಟಲೆ ಆಸ್ಪತ್ರೆ, ವಸತಿಗೃಹದಲ್ಲಿ ಒಬ್ಬರೇ ಇದ್ದ ಮಕ್ಕಳನ್ನ, ಡೇಕೇರ್ ಅಷ್ಟು ಘೋರ ಅಲ್ಲ ಸರಿ, ಆದ್ರೂ ಅಳು ನಿಂತಿದ್ದನ್ನೇ ಗೆದ್ವಿ ಅನ್ಕೊಳ್ಳೋರು ಇದನ್ನ ಒಂದ್ಸಲ ಓದ್ಬೇಕು.

ಇನ್ನೊಂದು ತಮಾಷೆ. ಆ ಸೆಂಟರ್ ಗೋಡೆ ಮೇಲೆ 1989ರ ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆ ಪೋಸ್ಟರ್ ಇತ್ತು, ಬಣ್ಣಬಣ್ಣದ್ದು, ಚೆನ್ನಾಗೇ ಇತ್ತು. ಅದೇ ಒಡಂಬಡಿಕೆಯ 29ನೇ ವಿಧಿಲಿ ಮಗುವಿನ ಅಪ್ಪ ಅಮ್ಮಂಗೆ, ಅದರ ಸ್ವಂತ ಭಾಷೆಗೆ, ಸಂಸ್ಕೃತಿಗೆ ಗೌರವ ಬೆಳೆಸ್ಬೇಕು ಅಂತ ಇದೆ. ಆ ಪೋಸ್ಟರ್ ಕೆಳಗೇ ನಿಂತ್ಕೊಂಡು ಅಲ್ಲಿನ ಹೆಡ್ ಮೇಡಂ ನಮಗೆ ಹೇಳಿದ್ದು, ಮನೇಲಿ ನಿಮ್ ಭಾಷೆ ಸ್ವಲ್ಪ ದಿನ ಬಿಡಿ, ಇಲ್ಲಾಂದ್ರೆ ಮಗು ಕನ್ಫ್ಯೂಸ್ ಆಗುತ್ತೆ ಅಂತ. ನನ್ನ ಹೆಂಡತಿ ಪೋಸ್ಟರ್ ನೋಡ್ತಾಳೆ, ಮೇಡಂ ನೋಡ್ತಾಳೆ. ಆವತ್ತು ಸಾಯಂಕಾಲನೇ ಬೇರೆ ಹುಡುಕೋಕೆ ಶುರು ಮಾಡಿದ್ವಿ.

ಎರಡನೇ ಸೆಂಟರ್‌ಗೆ ಬರೋಣ. ಇಲ್ಲಿ ಮಗು ಸೇರೋಕಿಂತ ಮುಂಚೆನೇ ನಮ್ಮನ್ನ ಕೂರಿಸ್ಕೊಂಡು ಮಾತಾಡಿದ್ರು, ನಮ್ಮ ಭಾಷೆಯ ಇಂಟರ್‌ಪ್ರಿಟರ್‌ನ ಫೋನಲ್ಲಿ ಹಾಕಿದ್ರು. ನನಗೆ ಇಲ್ಲಿನ ಭಾಷೆ ಆಫೀಸ್ ಕೆಲಸಕ್ಕೆ ಸಾಕಾಗೋಷ್ಟು ಬರುತ್ತೆ, ಇದೇನಕ್ಕೆ ಅನ್ಕೊಂಡೆ, ಆದ್ರೆ ನಿದ್ದೆ ಬರುವಾಗ ಮಗು ಏನು ಮಾಡುತ್ತೆ, ಹೆದರ್ಕೊಂಡಾಗ ಹೆಂಗೆ ಸಮಾಧಾನ ಮಾಡ್ತೀರ ಅಂತೆಲ್ಲ ಕೇಳಿದಾಗ ಆಫೀಸ್ ಭಾಷೆ ಎಲ್ಲಿ ಸಾಕಾಗುತ್ತೆ. ಅಲ್ಲೇ ಇನ್ನೊಂದು ಕುಟುಂಬ ಇತ್ತು, ಅವ್ರು ಎಂಟು ವರ್ಷದ ದೊಡ್ಡ ಮಗನ್ನ ಅನುವಾದ ಮಾಡೋಕೆ ಕರ್ಕೊಂಡು ಬಂದಿದ್ರು, ಸೆಂಟರ್‌ನೋರು ಬೇಡ ಅಂತ ಅವನನ್ನ ಆಟಕ್ಕೆ ಕಳಿಸಿ ಅವ್ರಿಗೂ ಫೋನ್ ಇಂಟರ್‌ಪ್ರಿಟರ್ ಕೊಟ್ರು. ಇದಕ್ಕೇ ಒಂದು ಸ್ಟಾರ್ ಕೊಡ್ಬೋದು. ತಂಗಿಯ ಡಯಪರ್, ಕಾಯಿಲೆ, ಅಮ್ಮನ ಕಷ್ಟ, ಇದನ್ನೆಲ್ಲ ಎಂಟು ವರ್ಷದ ಹುಡುಗನ ಬಾಯಲ್ಲಿ ಹೇಳಿಸೋದು ಸರಿ ಅಲ್ಲ, ಎಷ್ಟೋ ಆಫೀಸುಗಳಲ್ಲಿ ಇದು ಮಾಮೂಲಿ ನಡೆಯುತ್ತೆ.

ಅವ್ರು ಕೇಳಿದ ಪ್ರಶ್ನೆಗಳಲ್ಲಿ ಒಂದು ನಮ್ಮನ್ನ ಹಿಡಿದು ನಿಲ್ಲಿಸ್ತು: ಈ ಮಗು ಇತ್ತೀಚೆಗೆ ಯಾರ್ಯಾರನ್ನ ಬಿಟ್ಟು ಬಂದಿದೆ? ವೀಸಾ, ಟಿಕೆಟ್, ಮನೆ ಬಾಡಿಗೆ ಅಂತ ಓಡಾಡೋ ಗಲಾಟೆಲಿ ಇದನ್ನ ಯಾರೂ ಕೇಳಿರ್ಲಿಲ್ಲ. ಹುಟ್ಟಿದಾಗಿಂದ ಎತ್ತಿ ಆಡಿಸಿದ ಅಜ್ಜಿ, ಪಕ್ಕದ ಮನೆ ಅಕ್ಕ, ಮಲಗೋ ಕೋಣೆ, ಕಿಟಕಿ, ಎಲ್ಲಾ ಒಂದೇ ಏಟಿಗೆ ಹೋಗಿದೆ, ಉಳಿದಿರೋದು ನಾವಿಬ್ರೇ, ಈಗ ಆ ಇಬ್ರೂ ಬಾಗಿಲಲ್ಲಿ ಟಾಟಾ ಅಂತಾರೆ. ಇಲ್ಲೇ ಹುಟ್ಟಿ ಬೆಳೆದ ಮಗು ಡೇಕೇರ್‌ಗೆ ಸೇರೋದಕ್ಕೂ ನಮ್ ಮಕ್ಕಳು ಸೇರೋದಕ್ಕೂ ವ್ಯತ್ಯಾಸ ಇರೋದು ಭಾಷೆಲಿ ಮಾತ್ರ ಅಲ್ಲ ಅನ್ನೋದು ಆ ಒಂದು ಪ್ರಶ್ನೆಲೇ ಇತ್ತು. ಯುದ್ಧ ಗಲಭೆ ಅಂತ ಓಡಿ ಬಂದ ಕುಟುಂಬಗಳಾದ್ರೆ ಲೆಕ್ಕ ಇನ್ನೂ ದೊಡ್ಡದು, ಅಂಥೋರನ್ನ ಆ ದಾರಿ ಬಗ್ಗೆ ಕೆದಕಿ ಕೇಳಲ್ಲ, ಅವ್ರಾಗೇ ಹೇಳಿದಷ್ಟು ಕೇಳಿಸ್ಕೋತೀವಿ ಅಂತ ಹೇಳಿದ್ರು, ಅದೂ ಸರಿಯಾಗೇ ಇದೆ.

ಸೇರಿಸ್ಕೊಳ್ಳೋ ರೀತಿ ಅವ್ರು ಸ್ವಂತ ಕಂಡುಹಿಡಿದಿದ್ದಲ್ಲ, ಬರ್ಲಿನ್ ಮಾದರಿ ಅಂತಾರಲ್ಲ ಅದು. 1980ರ ದಶಕದಲ್ಲಿ ಜರ್ಮನಿಯ ಇನ್‌ಫಾನ್ಸ್ ಅನ್ನೋ ಸಂಸ್ಥೆಲಿ ಲೇವೆನ್, ಆಂಡ್ರೆಸ್, ಹೆಡೆರ್ವಾರಿ ಅನ್ನೋರು ರೂಪಿಸಿದ್ದು, ಈಗ ಬೇರೆ ದೇಶಗಳಲ್ಲೂ ಅವ್ರವ್ರಿಗೆ ತಕ್ಕಂಗೆ ಬದಲಾಯಿಸ್ಕೊಂಡು ಬಳಸ್ತಾರೆ. ಮೊದಲ ಮೂರು ದಿನ ಬಿಟ್ಟು ಹೋಗೋ ಮಾತೇ ಇಲ್ಲ, ಅಪ್ಪನೋ ಅಮ್ಮನೋ ಮಗು ಜೊತೆ ಒಂದು ಗಂಟೆ ಹೋಗಿ ಅದೇ ರೂಮಲ್ಲಿ ಒಂದು ಮೂಲೇಲಿ ಕೂರೋದು, ವಾಪಸ್ ಬರೋದು. ಕೂರೋದು ಅಂದ್ರೆ ನಿಜವಾಗ್ಲೂ ಕೂರೋದಷ್ಟೇ, ನೀವೇ ಆಟ ಆಡಿಸೋ ಹಾಗಿಲ್ಲ, ಹೋಗು ಪುಟ್ಟಿ ಅಲ್ಲಿ ನೋಡು ಅಂತ ತಳ್ಳೋ ಹಾಗಿಲ್ಲ, ಮೊಬೈಲ್ ನೋಡೋ ಹಾಗೂ ಇಲ್ಲ, ಮಗು ಬಂದ್ರೆ ತೊಡೆ ಕೊಡೋದು, ಹೋದ್ರೆ ಬಿಡೋದು. ನಾಲ್ಕನೇ ದಿನ ಮೊದಲ ಸಲ ಹೇಳಿ ಹೊರಗೆ ಹೋಗೋದು, ಹೆಚ್ಚಂದ್ರೆ ಅರ್ಧ ಗಂಟೆ. ಟೀಚರ್ ಎತ್ಕೊಂಡ್ರೆ ಸಮಾಧಾನ ಆಗ್ತಾ ಇದೆ ಅಂದ್ರೆ ಮುಂದೆ ದಿನ ದಿನ ಸಮಯ ಜಾಸ್ತಿ, ಆಗ್ತಾ ಇಲ್ಲ ಅಂದ್ರೆ ಎರಡು ಮೂರು ನಿಮಿಷಕ್ಕೇ ಕರೀತಾರೆ, ಆಮೇಲೆ ಕೆಲವು ದಿನ ಬಿಟ್ಟು ಹೋಗೋ ಪ್ರಯತ್ನನೇ ಮಾಡಲ್ಲ. ಆ ನಾಲ್ಕನೇ ದಿನ ಸೋಮವಾರ ಬಿದ್ರೆ ಮಂಗಳವಾರಕ್ಕೆ ಹಾಕ್ತಾರೆ, ಎರಡು ದಿನ ಮನೇಲಿದ್ದು ಬಂದ ಮಗುಗೆ ಅವತ್ತೇ ಬಿಟ್ಟು ಹೋಗೋದು ಬೇಡ ಅಂತ.

ಕೆಲವು ಮಕ್ಕಳಿಗೆ ಒಂದು ವಾರ ಸಾಕು, ಕೆಲವರಿಗೆ ಎರಡು ಮೂರು ವಾರ, ನಮ್ಮಂಥೋರ ಮಕ್ಕಳಿಗೆ ಇನ್ನೂ ಮೇಲೆ ಹೋಗ್ಬೋದು. ಮುಗೀತು ಅಂತ ಹೇಳೋಕೆ ಅವ್ರು ನೋಡೋದು ಒಂದೇ, ಮಗು ಬಿದ್ದಾಗ, ಹೆದರಿದಾಗ, ಬೇಜಾರಾದಾಗ ಆ ಟೀಚರ್ ಹತ್ರ ಹೋಗಿ ಸಮಾಧಾನ ಮಾಡಿಸ್ಕೊಳ್ಳುತ್ತಾ ಇಲ್ವಾ. ಬಿಟ್ಟು ಹೋಗುವಾಗ ಅಳೋದು ಆಮೇಲೂ ಇರುತ್ತೆ, ಪರವಾಗಿಲ್ಲ, ಅಳ್ತಾ ಟೀಚರ್ ಭುಜಕ್ಕೆ ಒರಗುತ್ತಾ ಅನ್ನೋದು ಮುಖ್ಯ.

ರೂಮಲ್ಲಿ ಸುಮ್ನೆ ಕೂರೋದ್ರಿಂದ ಏನಾಗುತ್ತೆ ಅಂತ ನನಗೂ ಅನುಮಾನ ಇತ್ತು. 2004ರಲ್ಲಿ ಬಂದ ಒಂದು ಅಧ್ಯಯನ ಇದೆ, ಲೀಸೆಲೊಟ್ಟೆ ಆನರ್ಟ್ ಮತ್ತೆ ಜೊತೆಗಾರರದ್ದು, ಡೇಕೇರ್‌ಗೆ ಹೊಸದಾಗಿ ಸೇರಿದ ಸುಮಾರು 15 ತಿಂಗಳ ಮಕ್ಕಳ ಎಂಜಲಲ್ಲಿ ಕಾರ್ಟಿಸಾಲ್ ಅನ್ನೋ ಸ್ಟ್ರೆಸ್ ಹಾರ್ಮೋನ್ ಅಳೆದಿದ್ರು. ಅಮ್ಮ ಬಿಟ್ಟು ಹೋದ ಮೊದಲ ಒಂದು ಗಂಟೆಲಿ ಅದು ಮನೇಲಿರೋದಕ್ಕಿಂತ ಶೇ. 75ರಿಂದ 100ರಷ್ಟು ಏರಿತ್ತು, ಐದು ತಿಂಗಳ ನಂತರ ಇಳಿದಿದ್ರೂ ಮನೆ ಮಟ್ಟಕ್ಕೆ ಬಂದಿರ್ಲಿಲ್ಲ. ಆದ್ರೆ ಅಮ್ಮ ಇನ್ನೂ ಜೊತೇಲಿದ್ದ ದಿನಗಳಲ್ಲಿ, ಅಮ್ಮನ ಮೇಲೆ ಗಟ್ಟಿ ಭರವಸೆ ಇದ್ದ ಮಕ್ಕಳಲ್ಲಿ ಅದು ಕಡಿಮೆನೇ ಇತ್ತು. ಇದನ್ನ ಓದಿ ನನ್ನ ಮೂಲೆ ಕುರ್ಚಿ ಮೇಲೆ ನನಗೆ ಸ್ವಲ್ಪ ಗೌರವ ಬಂತು.

ಈಗ ಆ ಟೀಚರ್ ವಿಷ್ಯ. ಇವ್ರ ಹತ್ರ ಪ್ರತಿ ಮಗುಗೂ ಒಬ್ರು ಅಂತ ಗುರುತು ಮಾಡಿರ್ತಾರೆ, ಮೊದಲ ವಾರಗಳಲ್ಲಿ ಬಾಗಿಲಲ್ಲಿ ಇಸ್ಕೊಳ್ಳೋದು, ಡಯಪರ್ ಬದಲಾಯಿಸೋದು, ಮಲಗಿಸೋದು ಎಲ್ಲಾ ಅವ್ರೇ. ಪುಟ್ಟ ಮಕ್ಕಳ ಆರೈಕೆ ಬಗ್ಗೆ ಕೆಲಸ ಮಾಡಿದ ಎಲಿನರ್ ಗೋಲ್ಡ್‌ಶ್ಮೀಡ್ ಅನ್ನೋರು ಜೀವನವೆಲ್ಲ ಹೇಳ್ಕೊಂಡು ಬಂದಿದ್ದು ಇದನ್ನೇ, ಇಂಗ್ಲೆಂಡಲ್ಲಂತೂ ಪ್ರತಿ ಮಗುಗೂ ಹೀಗೆ ಒಬ್ರನ್ನ ನೇಮಿಸ್ಲೇಬೇಕು ಅಂತ ನಿಯಮನೇ ಇದೆ. ನನ್ನ ಕೇಳಿದ್ರೆ ಇಡೀ ಸರ್ವಿಸ್‌ನ ಬೆನ್ನುಮೂಳೆ ಇದು, ಉಳಿದಿದ್ದೆಲ್ಲ ಇದರ ಮೇಲೆ ನಿಂತಿರೋದು. ಯಾಕಂದ್ರೆ ಭಾಷೆ ಬರದ ಮಗು ಒಂದು ರೂಮನ್ನ ನಂಬಲ್ಲ, ಒಂದು ಸಂಸ್ಥೆನ ನಂಬಲ್ಲ, ಒಬ್ಬ ಮನುಷ್ಯನ್ನ ನಂಬುತ್ತೆ, ಆ ಮನುಷ್ಯನ ಮುಖ, ಕೈ, ದನಿ ಪರಿಚಯ ಆದ್ಮೇಲೆ ಅವ್ರ ಬೆನ್ನ ಹಿಂದಿಂದ ಇಣುಕಿ ಬೇರೆಯವ್ರನ್ನ ನೋಡೋಕೆ ಶುರು ಮಾಡುತ್ತೆ. ದಿನಕ್ಕೊಂದು ಕೈ ಬದಲಾದ್ರೆ ಅದಕ್ಕೆ ನಂಬೋಕೆ ಏನಿದೆ?

ನಮ್ಮ ಮಗಳ ಟೀಚರ್ ಸ್ವಲ್ಪ ವಯಸ್ಸಾದೋರು, ಜಾಸ್ತಿ ನಗದೋರು, ಮೊದಲ ದಿನ ನನಗೆ ಅಷ್ಟು ಹಿಡಿಸ್ಲಿಲ್ಲ ನಿಜ ಹೇಳ್ಬೇಕಂದ್ರೆ. ಆದ್ರೆ ಅವ್ರು ಮಾಡಿದ ಕೆಲಸ ನೋಡಿ. ಮಗಳ ಹೆಸ್ರನ್ನ ನಮ್ ಕೈಲಿ ಫೋನಲ್ಲಿ ರೆಕಾರ್ಡ್ ಮಾಡಿಸ್ಕೊಂಡ್ರು, ಎಲ್ಲಾ ಸ್ಟಾಫ್‌ಗೂ ಕೇಳಿಸಿದ್ರು, ನಿಮಗೆ ಕಷ್ಟ ಆದ್ರೆ ಚಿಕ್ಕದು ಮಾಡ್ಕೊಳ್ಳಿ ಅಂತ ನಾನೇ ಹೇಳಿದ್ರೂ ಬೇಡ ಅಂದ್ರು. ಮಗು ಮನೇಲಿ ಬಳಸೋ ಮಾತುಗಳ ಪಟ್ಟಿ ಕೇಳಿದ್ರು, ನೀರು, ಸೂಸು, ನಿದ್ದೆ, ನೋವು, ಬೇಡ, ಎತ್ಕೋ, ಅಮ್ಮ ಬರ್ತಾಳೆ ಇಷ್ಟು, ಅದನ್ನ ಅವ್ರ ಲಿಪಿಲಿ ಬರ್ಕೊಂಡು ಬಾತ್‌ರೂಮ್ ಬಾಗಿಲಿಗೂ ಮಲಗೋ ರೂಮಿಗೂ ಅಂಟಿಸಿದ್ರು. ಉಚ್ಚಾರ ಕೇಳಿದ್ರೆ ನಗು ಬರುತ್ತೆ, ಮಗಳು ಮಾತ್ರ ನಗ್ಲಿಲ್ಲ, ಮೊದಲ ಸಲ ಆ ಹೆಂಗಸು ನೀರು ಅಂದಾಗ ತಲೆ ಎತ್ತಿ ಅವ್ರ ಬಾಯೇ ನೋಡ್ತಾ ನಿಂತ್ಲು.

ಮನೆ ಸಾಮಾನು ತರಬಾರದು ಅಂತ ಮೊದಲ ಸೆಂಟರಲ್ಲಿ ರೂಲ್ಸ್ ಇತ್ತು, ಕಾರಣ ಕೇಳಿದ್ರೆ ಕಳೆದು ಹೋಗುತ್ತೆ, ಜಗಳ ಆಗುತ್ತೆ. ಇಲ್ಲಿ ಉಲ್ಟಾ, ತನ್ನಿ ಅಂತ ಅವ್ರೇ ಕೇಳಿದ್ರು. ಅಮ್ಮನ ಹಳೇ ಕಾಟನ್ ಬಟ್ಟೆ ತುಂಡು ಇಲ್ದೆ ಇವಳು ಮಲಗಲ್ಲ, ಅದನ್ನ ಕೊಟ್ವಿ, ಒಗೆದು ತರ್ಲಾ ಅಂದ್ರೆ ಬೇಡ ವಾಸನೆ ಹೋಗುತ್ತೆ ಅಂದ್ರು. ಡೊನಾಲ್ಡ್ ವಿನ್ನಿಕಾಟ್ ಅನ್ನೋ ಮಕ್ಕಳ ಡಾಕ್ಟರು 1953ರಲ್ಲಿ ಇಂಥ ವಸ್ತುಗಳ ಬಗ್ಗೆನೇ ಬರೆದಿದಾರೆ, ಅಮ್ಮನಿಗೂ ಹೊರಗಿನ ಪ್ರಪಂಚಕ್ಕೂ ನಡುವೆ ಮಗು ಹಿಡ್ಕೊಳ್ಳೋ ಆಸರೆ ಅಂತ. ಮನೆಯೋರ ಫೋಟೋ ಹಾಕಿದ ಒಂದು ಪುಟ್ಟ ಪುಸ್ತಕನೂ ಮಾಡಿ ಅವಳ ಕೈಗೆ ಸಿಗೋ ಎತ್ತರದಲ್ಲಿ ಇಟ್ಟಿದ್ರು, ಅಜ್ಜಿ ಫೋಟೋನೂ ಇದೆ, ದಿನಾ ಅದನ್ನ ಎತ್ಕೊಂಡು ಎಲ್ರಿಗೂ ತೋರಿಸ್ತಾ ಓಡಾಡ್ತಾಳಂತೆ.

ಕಣ್ತಪ್ಪಿಸಿ ಹೋಗೋದು ಇಲ್ಲಿ ಪೂರ್ತಿ ನಿಷೇಧ. ಆಟದಲ್ಲಿ ಮೈ ಮರೆತಾಗ ಜಾರ್ಕೊಂಡ್ರೆ ಆವತ್ತಿಗೆ ಅಳು ತಪ್ಪುತ್ತೆ ಅಂತ ನಮಗೆಲ್ಲ ಅನ್ಸುತ್ತೆ, ಆದ್ರೆ ಮರುದಿನದಿಂದ ಮಗು ಆಟನೇ ಆಡಲ್ಲ, ನಿಮ್ ಮೇಲೆ ಒಂದು ಕಣ್ಣಿಟ್ಕೊಂಡೇ ಕೂತಿರುತ್ತೆ. ಹೇಳಿ, ಒಂದೇ ಥರ ಹೇಳಿ, ಹೊರಡಿ, ಬಾಗಿಲಲ್ಲಿ ಹತ್ತು ಸಲ ತಿರುಗಬೇಡಿ, ಹೇಳಿದ ಹೊತ್ತಿಗೆ ಬನ್ನಿ. ಗಡಿಯಾರ ಗೊತ್ತಿಲ್ಲದ ಮಗುಗೆ ಮೂರು ಗಂಟೆ ಅಂದ್ರೆ ಏನೂ ಅಲ್ಲ, ಅದಕ್ಕೇ ನಿದ್ದೆ ಆದ್ಮೇಲೆ ಅಪ್ಪ ಬರ್ತೀನಿ ಅಂತ ಹೇಳೋಕೆ ಕಲಿಸಿದ್ರು.

ಮಾತಿನ ವಿಷ್ಯ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಎಲ್ಲಾ ಅಪ್ಪ ಅಮ್ಮಂದಿರೂ ಗಾಬರಿ ಆಗೋದು ಇಲ್ಲೇ. ಮನೇಲಿ ವಟವಟ ಅನ್ನೋ ಹುಡುಗಿ ಅಲ್ಲಿ ತಿಂಗಳುಗಟ್ಟಲೆ ತುಟಿ ಪಿಟಕ್ ಅನ್ಲಿಲ್ಲ. ಪುಟ್ಟ ಮಕ್ಕಳು ಎರಡನೇ ಭಾಷೆ ಹೆಂಗೆ ಕಲೀತಾರೆ ಅಂತ ಅಧ್ಯಯನ ಮಾಡಿದ ಪ್ಯಾಟನ್ ಟೇಬರ್ಸ್ ಅನ್ನೋರು 1990ರ ದಶಕದಲ್ಲಿ ಇದನ್ನ ಹಂತ ಹಂತವಾಗಿ ವಿವರಿಸಿದಾರೆ, ಮೊದ್ಲು ಮಗು ಎಲ್ರ ಹತ್ರನೂ ಮನೆ ಭಾಷೆಲೇ ಮಾತಾಡಿ ನೋಡುತ್ತೆ, ಯಾರಿಗೂ ಅರ್ಥ ಆಗ್ತಿಲ್ಲ ಅಂತ ಗೊತ್ತಾದ್ಮೇಲೆ ಮೌನ ಆಗುತ್ತೆ, ಆಮೇಲೆ ಒಂದೊಂದು ಪದ, ಕೇಳಿ ಕೇಳಿ ಬಾಯಿಪಾಠ ಆದ ಸಣ್ಣ ಸಾಲು, ಕೊನೆಗೆ ತಾನೇ ಕಟ್ಟಿದ ವಾಕ್ಯ. ಮೌನದಲ್ಲೂ ಕಲಿಕೆ ನಡೀತಾನೇ ಇರುತ್ತೆ. ಆದ್ರೆ ಎಲ್ಲಾ ಮೌನನೂ ಅದೇ ಅಂತ ಬಿಟ್ಬಿಡೋ ಹಾಗಿಲ್ಲ, ಈ ಸೆಂಟರ್ ನನಗೆ ಇಷ್ಟ ಆಗಿದ್ದು ಅವ್ರು ಎರಡನ್ನೂ ಬೇರೆ ಬೇರೆ ನೋಡಿದ್ದಕ್ಕೆ. ಮಾತಿಲ್ಲ ಆದ್ರೆ ಬೆರಳು ತೋರಿಸ್ತಾಳೆ, ಬೇರೆ ಮಕ್ಕಳ ಬಾಯಿ ನೋಡ್ತಾಳೆ, ಆಡ್ತಾಳೆ, ಊಟ ಮಾಡ್ತಾಳೆ, ಬೊಂಬೆ ಹತ್ರ ಗುಸುಗುಸು ಅಂತಾಳೆ, ಬಿದ್ರೆ ಟೀಚರ್ ಹತ್ರ ಓಡ್ತಾಳೆ ಅಂದ್ರೆ ಅದು ಕಲೀತಾ ಇರೋ ಮೌನ. ಬಾಗಿಲ ಹತ್ರ ನಿಂತೇ ಇರೋದು, ಆಟ ಇಲ್ಲ, ಊಟ ಇಲ್ಲ, ಸಾಯಂಕಾಲ ಅಪ್ಪ ಬಂದ್ರೂ ಕಣ್ಣಲ್ಲಿ ಹೊಳಪಿಲ್ಲ ಅಂದ್ರೆ ಅದು ಭಾಷೆ ಸಮಸ್ಯೆ ಅಲ್ಲ, ಮಗು ಒಳಗೆ ಮುದುಡ್ತಾ ಇದೆ, ಸೇರಿಸೋ ವೇಗ ಇಳಿಸ್ಬೇಕು. ಮೊದಲ ಸೆಂಟರಲ್ಲಿ ನಾವು ನೋಡಿದ್ದು ಇದು.

ಮನೆ ಭಾಷೆಲೂ ಮಾತು ಕಡಿಮೆ ಇದ್ರೆ ಮಾತ್ರ ಕಾಯಬೇಡಿ, ಡಾಕ್ಟರ್‌ಗೆ ತೋರಿಸಿ, ಎರಡು ಭಾಷೆ ಅಂತ ಹೀಗೆ, ಸರಿ ಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಎರಡು ಭಾಷೆ ಕೇಳೋದ್ರಿಂದ ಮಾತಿನ ತೊಂದರೆ ಹುಟ್ಟಲ್ಲ. ಹಾಗೇನೇ ಹೊಸ ಭಾಷೆ ಬರದೆ ಸುಮ್ಮನಿರೋ ಮಗುಗೆ ತಕ್ಷಣ ಏನೋ ಕಾಯಿಲೆ ಹೆಸ್ರು ಹಚ್ಚೋದೂ ತಪ್ಪು, ಸೆಲೆಕ್ಟಿವ್ ಮ್ಯೂಟಿಸಂ (ಮಾತು ಬರೋ ಮಗು ಕೆಲವು ಕಡೆ ಮಾತ್ರ ಬಾಯೇ ಬಿಡದೆ ಇರೋ ಸಮಸ್ಯೆ) ಅಂತ ಹೇಳೋಕೆ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5ರಲ್ಲೇ ಷರತ್ತಿದೆ, ಕನಿಷ್ಠ ಒಂದು ತಿಂಗಳು ಇರ್ಬೇಕು, ಅದೂ ಶಾಲೆಯ ಮೊದಲ ತಿಂಗಳಷ್ಟೇ ಅಲ್ಲ, ಭಾಷೆ ಗೊತ್ತಿಲ್ಲದ್ದು ಕಾರಣ ಆಗಿರಬಾರದು ಅಂತ. ಇನ್ನು ಮನೇಲಿ ಭಾಷೆ ಬಿಡಿ ಅನ್ನೋ ಸಲಹೆ ಬಗ್ಗೆ ಇಲ್ಲಿನ ಟೀಚರ್ ಹೇಳಿದ್ದು, ನಿಮಗೆ ಯಾವ ಭಾಷೆಲಿ ಬೈಯೋಕೆ, ಮುದ್ದಾಡೋಕೆ, ಸುಳ್ಳು ಕತೆ ಹೇಳೋಕೆ ಬರುತ್ತೋ ಅದರಲ್ಲೇ ಮಾತಾಡಿ, ಇಲ್ಲಿನ ಭಾಷೆ ಕಲಿಸೋ ಕೆಲಸ ನಮ್ಮದು. ಹೊಟ್ಟೆ ತಣ್ಣಗಾಯ್ತು.

ಸರಿ, ಒಂದು ಸ್ಟಾರ್ ಯಾಕೆ ಕಿತ್ತೆ ಅಂದ್ರೆ.

ಆ್ಯಪ್‌ಗೆ ಅಲ್ಲ, ಆ್ಯಪ್ ಎಲ್ಲಾ ಕಡೆನೂ ಹಿಂಗೇ. ತನ್ನಷ್ಟಕ್ಕೆ ಅನುವಾದ ಮಾಡಿ ಕಳಿಸೋ ಮೆಸೇಜ್‌ಗಳು ಓದಿದ್ರೆ ಒಂದೊಂದ್ಸಲ ಮಗುಗೆ ಏನಾಗಿದೆ ಅಂತ ಎದೆ ಧಸಕ್ ಅನ್ನುತ್ತೆ, ನೋಡಿದ್ರೆ ಸಾಕ್ಸ್ ಒದ್ದೆ ಆಗಿದೆ ಅಷ್ಟೇ. ಜ್ವರ, ಪೆಟ್ಟು, ಔಷಧಿ ಇದ್ರೆ ಫೋನ್ ಮಾಡಿ ಅಂತ ಹೇಳಿಬಿಟ್ವಿ, ಮಾಡ್ತಾರೆ. ಟೀಚರ್ ರಜಾ ಹಾಕಿದ ವಾರನೂ ಕಷ್ಟ ಆಯ್ತು, ಎರಡನೇ ಟೀಚರ್‌ನ ಮೊದಲಿಂದಲೇ ಸ್ವಲ್ಪ ಸ್ವಲ್ಪ ಪರಿಚಯ ಮಾಡಿಸಿದ್ರೆ ಅಷ್ಟಾಗ್ತಾ ಇರ್ಲಿಲ್ಲ, ಹೇಳಿದ್ಮೇಲೆ ಈಗ ಹಾಗೇ ಮಾಡ್ತಿದಾರೆ.

ಸ್ಟಾರ್ ಕಿತ್ತಿದ್ದು ಸಮಯಕ್ಕೆ. ವಾರಗಟ್ಟಲೆ ಬೆಳಗ್ಗೆ ಬೆಳಗ್ಗೆ ಬಂದು ಮೂಲೇಲಿ ಕೂರೋಕೆ ಯಾರಿಗೆ ಆಗುತ್ತೆ? ನನ್ನ ಆಫೀಸಲ್ಲಿ ಒಪ್ಪಿದ್ರು, ನಾನು ರಾತ್ರಿ ಕೂತು ಕೆಲಸ ಮುಗಿಸಿದೆ, ಆಯ್ತು. ಕ್ಲೀನಿಂಗ್ ಕೆಲಸ, ಗೋಡೌನ್ ಕೆಲಸ, ದಿನಗೂಲಿ ಮಾಡೋ ಅಪ್ಪ ಅಮ್ಮ ಒಂದು ದಿನ ಬಿಟ್ರೂ ಸಂಬಳ ಕಟ್, ಜಾಸ್ತಿ ಬಿಟ್ರೆ ಕೆಲಸನೇ ಕಟ್. ಒಬ್ರೇ ಮಗು ಸಾಕ್ತಾ ಇರೋರಂತೂ ಕೇಳೋದೇ ಬೇಡ. ಹೊರಗಿಂದ ಬಂದ ಮಕ್ಕಳಿಗೇ ಈ ನಿಧಾನ ಜಾಸ್ತಿ ಬೇಕು, ಆ ಮಕ್ಕಳ ಅಪ್ಪ ಅಮ್ಮಂದಿರಿಗೇ ಬಿಡುವು ಕಡಿಮೆ. ಜೊತೆಗೆ ಇನ್ನೊಂದು, ಯಾರ ಕೈಯಲ್ಲೂ ಬಿಡದೆ ಸದಾ ಸೊಂಟದ ಮೇಲೇ ಬೆಳೆದ ಮಕ್ಕಳಿಗೆ ಮೊದಲ ಅಗಲಿಕೆ ಇನ್ನೂ ಜೋರಾಗಿ ತಟ್ಟುತ್ತೆ, 1980ರ ದಶಕದಲ್ಲಿ ಜಪಾನಿನ ಸಪ್ಪೊರೊದಲ್ಲಿ ಇದನ್ನ ಗಮನಿಸಿದ್ರು, ಅಮ್ಮನ್ನ ಬಿಟ್ಟಿರೋ ಅಭ್ಯಾಸನೇ ಇಲ್ಲದ ಕೂಸುಗಳು, ಅಮ್ಮ ಸ್ವಲ್ಪ ಹೊತ್ತು ಬಿಟ್ಟು ಹೋದಾಗ ಮಗು ಏನು ಮಾಡುತ್ತೆ ಅಂತ ನೋಡೋ ಪ್ರಯೋಗದ ಕೋಣೆಲಿ ವಿಪರೀತ ಅತ್ವು, ಅದನ್ನೇ ಅಮ್ಮ ಮಗುವಿನ ಬಾಂಧವ್ಯ ಸರಿ ಇಲ್ಲ ಅಂತ ಓದೋದು ತಪ್ಪು ಅನ್ನೋ ವಾದನೂ ಆಗ ಬಂತು. ಅಂದ್ರೆ ಅಂಥ ಮನೆ ಮಗು ಜಾಸ್ತಿ ಅತ್ರೆ ಅದು ಮಗುವಿನ ದೋಷನೂ ಅಲ್ಲ ಅಮ್ಮನ ದೋಷನೂ ಅಲ್ಲ, ಜಾಸ್ತಿ ದಿನ ಬೇಕು ಅಷ್ಟೇ, ಆ ದಿನಗಳನ್ನ ಯಾರು ಕೊಡ್ತಾರೆ ಅನ್ನೋದೇ ಪ್ರಶ್ನೆ.

ಇದಕ್ಕೆ ದಾರಿ ಇಲ್ದೆ ಏನಿಲ್ಲ. ಅಪ್ಪ ಅಮ್ಮನೇ ಬರ್ಬೇಕು ಅಂತಿಲ್ಲ, ಮಗು ನಂಬೋ ಇನ್ನೊಬ್ರು, ಅತ್ತೆನೋ ಅಣ್ಣನೋ ಮನೆಯಲ್ಲೇ ಇರೋ ಸ್ನೇಹಿತೆನೋ ಕೂತ್ರೂ ನಡೆಯುತ್ತೆ. ಶಿಫ್ಟ್ ಇರೋರಿಗೆ ಸಾಯಂಕಾಲ ಒಂದು ಗಂಟೆ ತೆರೀಬೋದು. ಕೆಲಸ ಸಿಕ್ಕೋಕೆ ಮುಂಚೆನೇ, ಬಂದ ಹೊಸದ್ರಲ್ಲೇ, ಅಪ್ಪ ಅಮ್ಮ ಇಲ್ಲಿನ ಭಾಷೆ ಕ್ಲಾಸಿಗೆ ಹೋಗೋ ಜಾಗದಲ್ಲೇ ಮಕ್ಕಳಿಗೆ ಆಟದ ಗುಂಪು ಶುರು ಮಾಡಿದ್ರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ. ಈ ಸೆಂಟರ್ ಸದ್ಯಕ್ಕೆ ಬೆಳಗಿನ ಹೊತ್ತು ಬಿಟ್ರೆ ಬೇರೆ ಇಲ್ಲ ಅನ್ನುತ್ತೆ, ಫೋನ್ ಇಂಟರ್‌ಪ್ರಿಟರ್ ಹಾಕಿದ್ದ ಆ ಇನ್ನೊಂದು ಕುಟುಂಬ ಇದೇ ಕಾರಣಕ್ಕೆ ಸೇರಿಸ್ಲಿಲ್ಲ, ರಾತ್ರಿ ಪಾಳಿ ಮುಗಿಸಿ ಬಂದ ಅಮ್ಮ ಬೆಳಗ್ಗೆ ಆ ಕುರ್ಚಿಲಿ ಹೆಂಗೆ ಕೂರ್ತಾಳೆ.

ಅಡ್ಮಿಷನ್‌ಗೆ ಹೋಗೋರು ಟೂರ್ ಕೊಡುವಾಗ ಆಟದ ಮೈದಾನ ನೋಡೋದು ಬಿಟ್ಟು ಇಷ್ಟು ಕೇಳಿ: ನನ್ನ ಮಗುವನ್ನ ದಿನಾ ಇಸ್ಕೊಳ್ಳೋರು ಯಾರು, ಅವ್ರು ಇವತ್ತು ಇಲ್ಲಿದಾರಾ, ನಾನು ಎಷ್ಟು ದಿನ ಒಳಗೆ ಕೂರ್ಬೋದು, ಅವ್ರು ರಜಾ ಹಾಕಿದ್ರೆ ಯಾರು. ಉತ್ತರಕ್ಕೆ ತಡವರಿಸಿದ್ರೆ ಗೋಡೆ ತುಂಬಾ ಹತ್ತು ಭಾಷೆಲಿ ಸ್ವಾಗತ ಅಂತ ಬರೆದಿದ್ರೂ ಮುಂದಿನ ಸೆಂಟರ್ ನೋಡಿ. ನಾವು ಸಾಯಂಕಾಲದ ಸ್ಲಾಟ್ ಬಗ್ಗೆ ಇನ್ನೂ ಕೆಲವು ಪೋಷಕರ ಜೊತೆ ಸೇರಿ ಮ್ಯಾನೇಜರ್‌ಗೆ ಬರೆದು ಕೊಟ್ಟಿದೀವಿ, ಯೋಚನೆ ಮಾಡ್ತೀವಿ ಅಂದಿದಾರೆ. ಶುರು ಮಾಡಿದ್ರೆ ಇಲ್ಲೇ ಬಂದು 5 ಸ್ಟಾರ್ ಮಾಡ್ತೀನಿ.